ಎಲ್ಲರೂ ಹೆಚ್ಚಲು ಕೂತರೆ ಬಡಿಸುವವರು ಯಾರು?

ಮದುವೆ ಮನೆಯಲ್ಲಿ ಸಾರಿಗೆ ತರಕಾರಿ ಹೆಚ್ಚಲು ಒಬ್ಬರೇ ಕೂತರೆ ಬೆಳಕು ಹರಿಯುತ್ತದೆ. ನಾಲ್ವರು ಈಳಿಗೆಮಣೆ ಹಿಡಿದರೆ ಬೇಗ ಮುಗಿಯುತ್ತದೆ. ಹಾಗಂತ ಮನೆಮಂದಿಯನ್ನೆಲ್ಲ ಅಲ್ಲೇ ಕೂರಿಸಿದರೆ, ಎಲೆ ಮುಂದೆ ಕಾಯುತ್ತಿರುವವರಿಗೆ ಬಡಿಸುವವರು ಯಾರು? ಡೇಟಾಬೇಸ್‌ನಲ್ಲಿ 'ಪ್ಯಾರಲಲ್ ಕ್ವೆರಿ' ಎನ್ನುವುದೂ ಇದೇ ಲೆಕ್ಕ. ಒಂದು ದೊಡ್ಡ ಪ್ರಶ್ನೆಯನ್ನು ತುಂಡು ಮಾಡಿ ಹಲವು ಪ್ರೊಸೆಸರ್‌ಗಳಿಗೆ ಹಂಚುವುದು.

ಇದನ್ನು ಕಣ್ಣಾರೆ ಕಂಡಿದ್ದು ಇಂಟರ್ನ್‌ಶಿಪ್‌ಗೆ ಹೋದ ಒಂದು ಸಗಟು ವ್ಯಾಪಾರದ ಕಚೇರಿಯಲ್ಲಿ. ಅಲ್ಲಿದ್ದದ್ದು 'ಐಬಿಎಂ ಐ' ಸರ್ವರ್. 1988ರಲ್ಲಿ 'ಎಎಸ್/400' ಹೆಸರಿನಲ್ಲಿ ಬಂದ ಯಂತ್ರದ ವಂಶದ್ದು. ಕಪ್ಪು ಪರದೆ, ಹಸಿರು ಅಕ್ಷರ. ನಮ್ಮ ಸಿಲಬಸ್‌ನಲ್ಲಿ ಇದರ ಹೆಸರೂ ಇಲ್ಲ, ಆದರೆ ಇಡೀ ಗೋದಾಮು ನಡೆಯುತ್ತಿದ್ದದ್ದು ಇದರ ಮೇಲೆಯೇ.

ತಿಂಗಳ ಕೊನೆಯಲ್ಲಿ ಮ್ಯಾನೇಜರ್ ಮಧ್ಯಾಹ್ನ ಸ್ಟಾಕ್ ವರದಿ ತೆಗೆದರೆ ಸಾಕು, ಬಿಲ್ಲಿಂಗ್ ಕೌಂಟರ್ ಹಾಗೇ ನಿಂತುಬಿಡುತ್ತಿತ್ತು. ಹೊರಗೆ ಲಾರಿಗಳ ಸಾಲು. ಬೈಗುಳ ಮಾತ್ರ ಕೌಂಟರ್‌ನಲ್ಲಿದ್ದ ಅಕ್ಕನ ಪಾಲಿಗೆ, ವರದಿ ತೆಗೆದವರಿಗಲ್ಲ!

ಕಾರಣ 'ಕ್ಯೂಕ್ಯೂಆರ್‌ವೈಡಿಗ್ರೀ' ಎಂಬ, ನಾಲಿಗೆ ಹೊರಳದ ಒಂದು ಸಿಸ್ಟಮ್ ವ್ಯಾಲ್ಯೂ. ಕಂಪನಿ ಕಳಿಸುವಾಗ ಅದು 'ನನ್', ಅಂದರೆ ಹಂಚಿಕೆಯೇ ಇಲ್ಲ. 'ಆಪ್ಟಿಮೈಜ್' ಎಂದಿಟ್ಟರೆ ಆ ಕೆಲಸದ ಪಾಲಿನ ಮೆಮೊರಿ ಎಷ್ಟೆಂದು ನೋಡಿಕೊಂಡು ಹಂಚುತ್ತದೆ. 'ಮ್ಯಾಕ್ಸ್' ಎಂದರೆ ಮೆಮೊರಿ ಪೂಲ್ ಪೂರ್ತಿ ತನ್ನದೇ ಎಂದುಕೊಂಡು ನುಗ್ಗುತ್ತದೆ. ಹಿಂದೆ ಯಾರೋ ಇಲ್ಲಿ 'ಮ್ಯಾಕ್ಸ್' ಮಾಡಿಟ್ಟಿದ್ದರು. ಮ್ಯಾಕ್ಸ್ ಎಂದರೆ ವೇಗ ಎಂದುಕೊಳ್ಳುವುದು ಸಹಜ ತಾನೇ?

ಆದರೆ ಹಂಚುವುದಕ್ಕೂ, ಬಂದ ಉತ್ತರಗಳನ್ನು ಒಟ್ಟುಗೂಡಿಸುವುದಕ್ಕೂ ಖರ್ಚಿದೆ. ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ ಮಾತಿನಿಂದ ಲೆಕ್ಕ ಹಾಕಿದರೆ, ಕೆಲಸದ ಶೇ 10ರಷ್ಟು ಭಾಗ ಹಂಚಲಾಗದ್ದಾದರೆ ಸಾವಿರ ಪ್ರೊಸೆಸರ್ ಇದ್ದರೂ ವೇಗ ಹತ್ತು ಪಟ್ಟು ದಾಟದು. ಬಿಲ್ ಹಾಕುವಂಥ ಕೆಲಸಕ್ಕಂತೂ ಬೇಕಾಗುವುದು ಒಂದೆರಡು ಸಾಲು ಮಾಹಿತಿ. ಅದಕ್ಕೆ ಹಂಚಿಕೆಯ ಅಗತ್ಯವೇ ಇಲ್ಲ, ಬೇಕಿರುವುದು ಖಾಲಿ ಇರುವ ಒಂದು ಪ್ರೊಸೆಸರ್.

ಅಲ್ಲಿನ ಹಿರಿಯ ಪ್ರೋಗ್ರಾಮರ್ ಸರ್ ಮಾಡಿದ್ದು ಸರಳ. ಇಡೀ ಸಿಸ್ಟಮ್‌ಗೆ ಮತ್ತೆ 'ನನ್'. ರಾತ್ರಿ ಓಡುವ ಬ್ಯಾಚ್ ಕೆಲಸಕ್ಕೆ ಮಾತ್ರ, ಅದರ ಶುರುವಿನಲ್ಲಿ ಒಂದು ಕಮಾಂಡ್ ಸೇರಿಸಿ 'ಆಪ್ಟಿಮೈಜ್'. ಆ ಬದಲಾವಣೆ ಅದೊಂದು ಕೆಲಸಕ್ಕಷ್ಟೇ ಅನ್ವಯ. ಸ್ಟಾಕ್ ವರದಿಯೂ ರಾತ್ರಿಗೆ ಹೋಯಿತು. ಮ್ಯಾನೇಜರ್ ಮೊದಲು ಗೊಣಗಿದರು, ಬೆಳಿಗ್ಗೆ ಟೇಬಲ್ ಮೇಲೆ ಪ್ರಿಂಟ್ ಸಿಕ್ಕಿದಾಗ ಸುಮ್ಮನಾದರು.

ಆಮೇಲೆ ಸರ್ ಆ ವರದಿಯ ಕ್ವೆರಿಯನ್ನೇ ಬಿಚ್ಚಿ ನೋಡಿದರು. ಹಳೇ ವರ್ಷಗಳ ದಾಖಲೆಯನ್ನೆಲ್ಲ ಪ್ರತಿಸಲ ತಲೆಯಿಂದ ಬುಡದವರೆಗೆ ಓದುತ್ತಿತ್ತು. ದಿನಾಂಕದ ಮೇಲೊಂದು ಇಂಡೆಕ್ಸ್ ಕಟ್ಟಿದರು. ಈಗ ಅದನ್ನು ಹಗಲಲ್ಲೇ ಓಡಿಸಿದರೂ ಕೌಂಟರ್‌ನ ಅಕ್ಕನಿಗೆ ಗೊತ್ತಾಗುವುದಿಲ್ಲ.