ಧಾನ್ಯರಕ್ಷಣೆಯಲ್ಲಿ ಬಜೆ, ಲಕ್ಕಿ ಮತ್ತು ಬೇವು

ಕಾಳಿನದಿಯ ಜಲಾಶಯದಲ್ಲಿ ಮುಳುಗಿದ ಸೂಪಾ ಪಟ್ಟಣದ ಸುತ್ತಣ ಸೀಮೆ, ಇಂದಿನ ಜೋಯಿಡಾ ತಾಲ್ಲೂಕು, ಮಳೆನಾಡು. ಇಂತಹ ನಾಡಿನಲ್ಲಿ ಕಣಜದ ಧಾನ್ಯಕ್ಕೂ ಮನೆಯ ಓಲೆಗರಿಗೂ ತೇವ ಮತ್ತು ಹುಳುಗಳ ಬಾಧೆ ಸಮಾನವಾದುದು. ಓಲೆಗರಿಯ ಕಟ್ಟುಗಳೊಡನೆ ಇರಿಸುವ ಬಜೆ, ಅಂದರೆ ವಚಾ, ಧಾನ್ಯಕ್ಕೂ ಸಲ್ಲುವುದು. ನಿರ್ಗುಂಡಿಯೆನಿಸಿದ ಲಕ್ಕಿ ಹಾಗೂ ಬೇವಿನ ಸೊಪ್ಪುಗಳಿಗೂ ಕೀಟವನ್ನು ದೂರವಿರಿಸುವ ಗುಣವುಂಟು.

ಆದರೆ ಅಕ್ಕಿಯ ಸೊಂಡಿಲುಹುಳು ಕಾಳನ್ನು ಕೊರೆದು ಒಳಗೇ ಮೊಟ್ಟೆಯಿಡುವುದರಿಂದ, ಒಳಗಿನ ಮರಿಯನ್ನು ಗಂಧವು ಹೊರಡಿಸಲಾರದು. ಆದಕಾರಣ ಧಾನ್ಯವನ್ನು ಚೆನ್ನಾಗಿ ಒಣಗಿಸಿ, ತುಂಬುವಾಗಲೇ ಸೊಪ್ಪನ್ನಿಡಬೇಕು. ಸೊಪ್ಪು ನೆರಳಿನಲ್ಲಿ ಒಣಗಿದುದಾಗಿರಬೇಕು. ಹಸಿಸೊಪ್ಪಿನ ತೇವದಿಂದ ಬೂಸಲು ಹಿಡಿಯುವುದು. ಗಂಧ ಕುಂದಿದೊಡನೆ ಬದಲಿಸುವುದು ಅವಶ್ಯ. ಬಜೆಯಲ್ಲಿರುವ ಅಸರೋನ್ ಎಂಬ ದ್ರವ್ಯವು ದೇಹಕ್ಕೆ ಅಹಿತವಾದುದರಿಂದ, ಅದನ್ನು ಕಾಳಿನಲ್ಲಿ ಬೆರೆಸದೆ ಬಟ್ಟೆಯಲ್ಲಿ ಕಟ್ಟಿ ಇಡತಕ್ಕದ್ದು. ಹುಳು ತುಂಬಿದ ಮೇಲೆ ಕೊಲ್ಲಬೇಕಾಗುವ ಹಿಂಸೆಯೂ ಇದರಿಂದ ತಪ್ಪುವುದು.