ಮರೆವು ಪಾಪವಲ್ಲ

1902ರ ಮಾರ್ಚಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯ ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಮೂರು ಉಪನ್ಯಾಸಗಳನ್ನು ಕೊಟ್ಟರು. ಬುದ್ಧಿ ಚುರುಕಾಗಿದ್ದರೂ ಒಂದು ಕಡೆ ಗಮನ ನಿಲ್ಲಿಸಲಾಗದ, ಮನಸ್ಸಿಗೆ ಬಂದದ್ದನ್ನು ಆ ಕ್ಷಣವೇ ಮಾಡಿಬಿಡುವ ಮಕ್ಕಳನ್ನು ಅವರು ಗಮನಿಸಿದ್ದರು. ಆ ಸ್ಥಿತಿಯನ್ನು ಅವರು ನೈತಿಕ ನಿಯಂತ್ರಣದ ದೋಷ ಎಂದು ಕರೆದರು. ಇಂದು ನಾವು ಎಡಿಎಚ್‌ಡಿ ಎನ್ನುವುದು ಬಹುಮಟ್ಟಿಗೆ ಅದನ್ನೇ. ಈ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದದ್ದು 1987ರಲ್ಲಿ. ಅಷ್ಟರೊಳಗೆ ವೈದ್ಯಶಾಸ್ತ್ರ ನೀತಿಯ ಮಾತನ್ನು ಕೈಬಿಟ್ಟಿತ್ತು. ಮನೆ, ಶಾಲೆ, ಚರ್ಚುಗಳು ಇನ್ನೂ ಬಿಟ್ಟಿಲ್ಲ. ಅದರ ಏಟು ಹೆಚ್ಚಾಗಿ ಬೀಳುವುದು ಹೆಂಗಸರ ಮೇಲೆ.

ಎಡಿಎಚ್‌ಡಿ ಇರುವ ಹುಡುಗ ತರಗತಿಯಲ್ಲಿ ಬೆಂಚು ಹತ್ತಿ ಕುಣಿದರೆ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಹುಡುಗಿ ಬಹಳ ಸಲ ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂತಿರುತ್ತಾಳೆ. ಯಾರಿಗೂ ತೊಂದರೆ ಕೊಡದ ಅವಳನ್ನು ವೈದ್ಯರ ಬಳಿಗೆ ಯಾರೂ ಕರೆದೊಯ್ಯುವುದಿಲ್ಲ. ಮಗನಿಗೋ ಮಗಳಿಗೋ ಎಡಿಎಚ್‌ಡಿ ಇದೆ ಎಂದು ಗೊತ್ತಾದಾಗಲೇ ಎಷ್ಟೋ ತಾಯಂದಿರಿಗೆ ತಮ್ಮದೂ ಅದೇ ಎಂದು ಹೊಳೆಯುತ್ತದೆ. ಅಷ್ಟು ಹೊತ್ತಿಗೆ ಸೋಮಾರಿ, ಅಸಡ್ಡೆ, ಜವಾಬ್ದಾರಿ ಇಲ್ಲದವಳು ಎಂಬ ಮಾತುಗಳನ್ನು ಕೇಳಿ ಕೇಳಿ, ಅವೇ ಅವರ ಒಳದನಿಯಾಗಿರುತ್ತವೆ. ಹೊರಗಿನವರು ಬೈಯುವುದನ್ನು ನಿಲ್ಲಿಸಿದರೂ ಆ ದನಿ ನಿಲ್ಲುವುದಿಲ್ಲ.

ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಮನಶ್ಶಾಸ್ತ್ರಜ್ಞ ಸ್ಟೀಫನ್ ಹಿನ್‌ಶಾ ಅವರ ತಂಡ ಎಡಿಎಚ್‌ಡಿ ಇರುವ 140 ಹುಡುಗಿಯರನ್ನು ಬಾಲ್ಯದಿಂದ ಯೌವನದವರೆಗೆ ಅಧ್ಯಯನ ಮಾಡಿತು. 2012ರಲ್ಲಿ ಪ್ರಕಟವಾದ ವರದಿಯಂತೆ, ಅವರಲ್ಲಿ ತಮ್ಮನ್ನೇ ಗಾಯಗೊಳಿಸಿಕೊಳ್ಳುವ, ಆತ್ಮಹತ್ಯೆಗೆ ಯತ್ನಿಸುವ ಪ್ರಮಾಣ ಇತರ ಹುಡುಗಿಯರಿಗಿಂತ ಹೆಚ್ಚಾಗಿತ್ತು. ಗಮನದ ಕೊರತೆಯ ಜೊತೆಗೆ ಚಡಪಡಿಕೆ, ದುಡುಕು ಇದ್ದವರಲ್ಲಿ ಅಪಾಯ ಇನ್ನೂ ಹೆಚ್ಚು.

ಕ್ರೈಸ್ತ ಮನೆತನದ ಹೆಣ್ಣುಮಗಳಿಗೆ ಇದರ ಮೇಲೆ ಇನ್ನೊಂದು ಭಾರವಿದೆ. ಪ್ರಾರ್ಥನೆಗೆ ಕೂತರೆ ಮನಸ್ಸು ಒಲೆಯ ಮೇಲಿಟ್ಟ ಹಾಲಿಗೋ, ಕಟ್ಟಬೇಕಾದ ಬಿಲ್ಲಿಗೋ ಓಡುತ್ತದೆ. ದೇವರ ಮೇಲೆ ನಿಜವಾದ ಪ್ರೀತಿಯಿದ್ದರೆ ಹೀಗಾಗುತ್ತಿತ್ತೇ ಎಂದು ಒಳದನಿ ಕೇಳುತ್ತದೆ. ಬೈಬಲಿನ ಜ್ಞಾನೋಕ್ತಿಗಳ 31ನೇ ಅಧ್ಯಾಯದ ಗುಣವತಿ ಹೆಂಡತಿಯಂತೂ ಇನ್ನೂ ಕತ್ತಲಿರುವಾಗಲೇ ಎದ್ದು, ನೂಲು ತೆಗೆದು, ಹೊಲ ಕೊಂಡು, ಬಡವರಿಗೂ ಕೈಚಾಚುತ್ತಾಳೆ. ಆ ಭಾಗವನ್ನು ತಾಯಂದಿರ ದಿನದ ಪ್ರಸಂಗದಲ್ಲಿ ಕೇಳಿದವಳು ತನ್ನ ಅಡುಗೆಮನೆಯನ್ನು ನೆನೆದು ಕುಗ್ಗುತ್ತಾಳೆ. ಆದರೆ ಮೂಲ ಹೀಬ್ರೂವಿನಲ್ಲಿ ಅದು 22 ಅಕ್ಷರಗಳ ಕ್ರಮದಲ್ಲಿ ಕಟ್ಟಿದ 22 ವಚನಗಳ ಪದ್ಯ, ಹೊಗಳಿಕೆಯ ಪದ್ಯ. ಯೆಹೂದ್ಯರ ಮನೆಗಳಲ್ಲಿ ಶುಕ್ರವಾರ ಸಂಜೆ ಸಬ್ಬತ್ತಿನ ಊಟಕ್ಕೆ ಮೊದಲು ಗಂಡ ಅದನ್ನು ಹೆಂಡತಿಗಾಗಿ ಹಾಡುವ ರೂಢಿಯಿದೆ. ಮೆಚ್ಚುಗೆಯ ಹಾಡನ್ನು ದಿನದ ಕೆಲಸದ ಪಟ್ಟಿಯಾಗಿ ಹೆಂಗಸರ ಕೈಗಿಡುವುದು ಆ ಹಾಡಿಗೂ ಅನ್ಯಾಯ, ಆ ಹೆಂಗಸರಿಗೂ ಅನ್ಯಾಯ.

ಪ್ರಾರ್ಥನೆಯಲ್ಲಿ ಅಲೆಯುವ ಮನಸ್ಸಿನ ಬಗ್ಗೆ ಆವಿಲದ ಸಂತ ತೆರೇಸಾ ಬರೆದಿರುವುದನ್ನು ಓದಿದರೆ ಎಷ್ಟೋ ಸಮಾಧಾನ ಸಿಗುತ್ತದೆ. 16ನೇ ಶತಮಾನದ ಸ್ಪೇನಿನ ಈ ಸನ್ಯಾಸಿನಿ, ಕೆಲವು ವರ್ಷ ತಾನು ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಎಂದೇ ಕಾಯುತ್ತಿದ್ದೆ ಎಂದು ಆತ್ಮಕಥೆಯಲ್ಲಿ ಒಪ್ಪಿಕೊಳ್ಳುತ್ತಾಳೆ. 1577ರಲ್ಲಿ ‘ಅಂತರಂಗದ ಕೋಟೆ’ ಎಂಬ ಪುಸ್ತಕವನ್ನು ಬರೆಯುವಾಗ, ತಲೆಯೊಳಗೆ ನದಿಗಳು ಭೋರ್ಗರೆಯುವಂತಿದೆ ಎನ್ನುತ್ತಾಳೆ. ಓಡುವ ಆಲೋಚನೆಯೇ ಬೇರೆ, ದೇವರೊಡನೆ ನಿಂತಿರುವ ಆತ್ಮವೇ ಬೇರೆ ಎಂದು ತಿಳಿಯುವವರೆಗೆ ಅವಳು ತುಂಬಾ ನೊಂದಿದ್ದಳು. ತೆರೇಸಾಗೆ ಎಡಿಎಚ್‌ಡಿ ಇತ್ತು ಎಂದು ಇಂದು ಹೇಳಲು ಹೊರಡುವುದು ತಪ್ಪು. ಆದರೆ ಗಮನ ಚದುರುವುದು ಭಕ್ತಿಯ ಕೊರತೆಯಲ್ಲ ಎಂದು ಹೀಗೆ ಬರೆದವಳನ್ನೇ ಕಥೋಲಿಕ ಸಭೆ 1970ರಲ್ಲಿ ಧರ್ಮಪಂಡಿತೆ ಎಂದು ಗೌರವಿಸಿತು. 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಅಪೊಸ್ತೊಲಿಕ್ ಕಾರ್ಮೆಲ್ ಭಗಿನಿಯರೂ ಇದೇ ತೆರೇಸಾಳ ಪರಂಪರೆಯವರು.

ಒಳದನಿಗೆ ಉತ್ತರ ಕೊಡುವ ಕ್ರಮ ಇನ್ನೂ ಹಳೆಯದು. ಕ್ರಿ.ಶ. 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಈಜಿಪ್ಟಿನ ಮರಳುಗಾಡಿನ ಸನ್ಯಾಸಿ. ಮನಸ್ಸನ್ನು ಕಾಡುವ ಆಲೋಚನೆಗಳನ್ನು ಆತ ಎಂಟು ಬಗೆಯಾಗಿ ವಿಂಗಡಿಸಿ, ಒಂದೊಂದು ಆಲೋಚನೆಗೂ ಎದುರಾಗಿ ಒಂದೊಂದು ವೇದವಾಕ್ಯವನ್ನು ಇಟ್ಟು ಒಂದು ಕೈಪಿಡಿಯನ್ನೇ ಬರೆದ. ಅರಣ್ಯದಲ್ಲಿ ಶೋಧನೆ ಬಂದಾಗ ಯೇಸುಸ್ವಾಮಿ ವೇದವಾಕ್ಯದಿಂದಲೇ ಉತ್ತರಿಸಿದ್ದು ಅವನಿಗೆ ಮಾದರಿ. ಆಲೋಚನೆ ಬರುವುದು ನಮ್ಮ ಕೈಯಲ್ಲಿಲ್ಲ, ಅದು ಒಳಗೆ ನೆಲೆಯೂರುವುದೋ ಇಲ್ಲವೋ ಎನ್ನುವುದು ನಮ್ಮ ಕೈಯಲ್ಲಿದೆ ಎಂಬುದು ಅವನ ನಿಲುವು.

1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸೆಯಲ್ಲೂ ತಾನಾಗಿ ನುಗ್ಗುವ ಆಲೋಚನೆಯನ್ನು ಹಿಡಿದು, ಬರೆದಿಟ್ಟು, ಉತ್ತರಿಸುವ ಕೆಲಸವಿದೆ. ಬೆಕ್ ಕೇಳಿದ್ದು ಸಾಕ್ಷ್ಯ: ನಿನ್ನ ಆಲೋಚನೆ ನಿಜವೇ, ಪರೀಕ್ಷಿಸಿ ನೋಡು ಎಂದು. ಎಡಿಎಚ್‌ಡಿ ಇರುವವಳಿಗೆ ಇಲ್ಲೊಂದು ಕಷ್ಟವಿದೆ. ಸಾಕ್ಷ್ಯ ಅನೇಕ ಸಲ ಅವಳಿಗೆ ವಿರುದ್ಧವಾಗಿಯೇ ಇರುತ್ತದೆ. ಮಗಳ ಸ್ಕೂಲ್ ಫೀಸು ಕಟ್ಟುವುದನ್ನು ಅವಳು ನಿಜವಾಗಿಯೂ ಮರೆತಿದ್ದಾಳೆ. ನೀನು ಸರಿಯಾಗಿಯೇ ಇದ್ದೀಯ ಎಂಬ ಹೊಗಳಿಕೆ ಆಗ ನಾಟುವುದಿಲ್ಲ. ಮಾಡಿದ ಕೆಲಸದ ಲೆಕ್ಕದ ಮೇಲೆ ನಿಲ್ಲದ ಒಂದು ಬೆಲೆ ತನಗಿದೆ ಎಂಬ ಭರವಸೆ ಅವಳಿಗೆ ಬೇಕು. ಕ್ರೈಸ್ತರು ಕೃಪೆ ಎನ್ನುವುದು ಅದನ್ನೇ. ನಂಬಿಕೆ ಅವಳಿಗೆ ನಿಜವಾಗಿ ಕೆಲಸಕ್ಕೆ ಬರುವ ಜಾಗ ಇದು.

ಆದ್ದರಿಂದ ಫೀಸು ಮರೆತೆ, ನಾನು ತಾಯಿಯಾಗಲು ಯೋಗ್ಯಳಲ್ಲ ಎಂಬ ಮಾತನ್ನು ಎರಡಾಗಿ ಒಡೆಯಬೇಕು. ಮೊದಲನೆಯದು ನಡೆದ ಸಂಗತಿ. ಅದಕ್ಕೆ ಫೋನಿನಲ್ಲೊಂದು ಅಲಾರಂ, ಶಾಲೆಗೊಂದು ಕ್ಷಮೆಯ ಮಾತು ಸಾಕು. ಎರಡನೆಯದು ತೀರ್ಪು. ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೇ ಅಧ್ಯಾಯದ ಮೊದಲಲ್ಲೇ, ಕ್ರಿಸ್ತನಲ್ಲಿರುವವರ ಮೇಲೆ ಶಿಕ್ಷೆಯ ತೀರ್ಪಿಲ್ಲ ಎಂದು ಪೌಲ ಹೇಳಿಬಿಟ್ಟಿದ್ದಾನೆ. ಆ ವಚನವನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು ಒಳ್ಳೆಯದು. ಬೇಕಾದ ಗಳಿಗೆಯಲ್ಲಿ ಬೇಕಾದದ್ದು ನೆನಪಿಗೆ ಬಾರದಿರುವುದೇ ಎಡಿಎಚ್‌ಡಿಯ ತೊಡಕು, ಹಾಗಾಗಿ ಕಂಠಪಾಠವನ್ನು ನಂಬಿ ಕೂರುವಂತಿಲ್ಲ. ಅರ್ಧ ಗಂಟೆ ಕಣ್ಣುಮುಚ್ಚಿ ಕೂರಲಾಗದಿದ್ದರೆ ನಡೆಯುತ್ತ ಪ್ರಾರ್ಥಿಸಬಹುದು, ಜಪಸರದ ಮಣಿ ಎಣಿಸಬಹುದು, ಕೀರ್ತನೆ ಹಾಡಬಹುದು.

17ನೇ ಶತಮಾನದ ಪ್ಯಾರಿಸಿನಲ್ಲಿ ಬ್ರದರ್ ಲಾರೆನ್ಸ್ ಮಠದ ಅಡುಗೆಮನೆಯಲ್ಲಿ ಪಾತ್ರೆಗಳ ನಡುವೆಯೇ ದೇವರೊಡನೆ ಮಾತಾಡುತ್ತಿದ್ದ. ಸನ್ಯಾಸಿಯಾಗುವ ಮೊದಲು ಆಳಾಗಿದ್ದಾಗ, ಮುಟ್ಟಿದ್ದನ್ನೆಲ್ಲ ಒಡೆಯುವ ಮೊದ್ದ ತಾನೆಂದು ಅವನೇ ಹೇಳಿಕೊಂಡಿದ್ದಾನೆ. ತಪ್ಪಾದಾಗ ದೇವರ ಮುಂದೆ ಒಪ್ಪಿಕೊಂಡು, ಮತ್ತೆ ಅದಕ್ಕಾಗಿ ಕೊರಗದೆ ಕೆಲಸಕ್ಕೆ ಮರಳುತ್ತಿದ್ದ.

ಆದರೆ ನಂಬಿಕೆ ಗಾಯವನ್ನೂ ಮಾಡಬಲ್ಲದು. ದೇವರು ಜೊತೆಗಿದ್ದಾನೆ ಎಂದು ಕಷ್ಟವನ್ನು ಎದುರಿಸುವವರಿಗೂ ದೇವರು ನನ್ನನ್ನು ದಂಡಿಸುತ್ತಿದ್ದಾನೆ ಎಂದುಕೊಳ್ಳುವವರಿಗೂ ಇರುವ ಅಂತರವನ್ನು ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಎರಡನೆಯವರಲ್ಲಿ ಮನೋವೇದನೆ ಹೆಚ್ಚು. ಪ್ರಾರ್ಥಿಸಿದರೆ ಸಾಕು, ಮಾತ್ರೆ ಬೇಡ ಎನ್ನುವ ಸಲಹೆಯೂ ಇಂಥದೇ ಗಾಯ. ಸಾಯುವುದೇ ಮೇಲೆಂದು ಮರುಭೂಮಿಯಲ್ಲಿ ಒರಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ; ಎಲೀಯ ಮತ್ತೆ ಮಲಗಿದಾಗ ಮಲಗಲು ಬಿಟ್ಟ.

ಎಡಿಎಚ್‌ಡಿ ಬಹುಪಾಲು ವಂಶದಿಂದ ಬರುವ, ಮಿದುಳಿನ ಬೆಳವಣಿಗೆಗೆ ಸೇರಿದ ಸ್ಥಿತಿ. ಮೀಥೈಲ್‌ಫೆನಿಡೇಟ್‌ನಂಥ ಔಷಧ, ಆಪ್ತಸಮಾಲೋಚನೆ, ನಿದ್ದೆಯ ಶಿಸ್ತು ಇವು ಬಹಳ ಜನರಿಗೆ ನೆರವಾಗಿವೆ. ದೊಡ್ಡವರಾದ ಮೇಲೂ ಮನೋವೈದ್ಯರಲ್ಲಿ ತಪಾಸಣೆ ಮಾಡಿಸಿಕೊಳ್ಳಬಹುದು. ಎಲ್ಲಿಂದ ಶುರುಮಾಡುವುದು ಎಂದು ತಿಳಿಯದಿದ್ದರೆ, ಅಥವಾ ಬದುಕೇ ಬೇಡ ಎನ್ನಿಸುತ್ತಿದ್ದರೆ, ಸರಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.