ದೊಡ್ಡ ಕ್ಲಬ್ಬಿನ ಬೆಂಚು

ಹೊಸೂರು, ತಳಿ, ಬಾಗಲೂರು, ಡೆಂಕಣಿಕೋಟೆ ಕಡೆಯ ಕನ್ನಡ ಮನೆಗಳವರಿಗೆ ಬೆಂಗಳೂರು ಪರವೂರಲ್ಲ. ಹೊಸೂರಿನಿಂದ ಹೆಚ್ಚೆಂದರೆ 40 ಕಿಲೋಮೀಟರು. ಅತ್ತಿಬೆಲೆ ದಾಟಿದರೆ ಕರ್ನಾಟಕ. ಆಸ್ಪತ್ರೆಗೆ, ಮದುವೆ ಜವಳಿಗೆ, ಕೂಲಿಗೆ, ಕಾಲೇಜಿಗೆ ಎಲ್ಲದಕ್ಕೂ ನಾವು ಅತ್ತಲೇ ಮುಖ ಮಾಡುವವರು. ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಈ ಪಟ್ಟಿಗೆ ಫುಟ್‌ಬಾಲೂ ಸೇರಿಕೊಂಡಿದೆ. ಕಾಸರಗೋಡಿನ ಓದುಗರಿಗೆ ಇದು ವಿಚಿತ್ರವೆನಿಸಲಾರದು. ಉಪ್ಪಳ, ಕುಂಬಳೆಯ ಹುಡುಗನೊಬ್ಬ ಮಂಗಳೂರಿಗೋ ಕೋಝಿಕ್ಕೋಡಿಗೋ ಬೂಟು ಕಟ್ಟಿಕೊಂಡು ಹೊರಟಂತೆಯೇ ನಮ್ಮ ಹುಡುಗರೂ ಹೊರಡುತ್ತಾರೆ. ಹೊರಟ ಮೇಲೆ ಏನಾಗುತ್ತದೆ ಎಂಬುದನ್ನು ಬರೆಯುವವರು ಕಡಿಮೆ.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ವರ್ಷವೇ, ಅಂದರೆ 2013-14ರಲ್ಲಿ, ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೊಮ್ಮೆ ಗೆದ್ದಿತು. 2016ರಲ್ಲಿ ಏಷ್ಯಾದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಯಿತು. 2018-19ರಲ್ಲಿ ಐಎಸ್‌ಎಲ್ ಕಿರೀಟವೂ ಬಂತು. ನಮ್ಮ ಹಳ್ಳಿಯ ಹುಡುಗರ ಬೆನ್ನ ಮೇಲೆ ನೀಲಿ ಅಂಗಿ ಕಾಣತೊಡಗಿದ್ದು ಆಗಿನಿಂದ. ಆ ಕ್ಲಬ್ಬೊಂದೇ ಅಲ್ಲ, ಅದರ ಗಾಳಿಗೆ ಬೆಂಗಳೂರಿನ ಸುತ್ತ ಅಕಾಡೆಮಿಗಳು ನಾಯಿಕೊಡೆಯಂತೆ ಎದ್ದವು. ಕೆಲವು ಒಳ್ಳೆಯವು, ಕೆಲವು ಶುಲ್ಕದ ರಸೀದಿ ಪುಸ್ತಕವನ್ನಷ್ಟೇ ಶ್ರದ್ಧೆಯಿಂದ ನಡೆಸುವವು.

ನಾನು ಪಾಠ ಹೇಳಿದ ಒಬ್ಬ ಹುಡುಗನ ತಂದೆ ಒಂದು ಜೂನ್ ತಿಂಗಳಲ್ಲಿ ಶಾಲೆಗೆ ಬಂದರು. "ಹುಡುಗ ಬೆಂಗಳೂರು ಕ್ಲಬ್ಬಿಗೆ ಸೆಲೆಕ್ಟ್ ಆಗವ್ನೆ ಸಾರ್, ಟಿ.ಸಿ. ಕೊಟ್ಬಿಡಿ" ಎಂದರು. ಮುಖದಲ್ಲಿ ಹಬ್ಬ. ಊರ ತಂಡದಲ್ಲಿ ಈ ಹುಡುಗ ವಾರಕ್ಕೆರಡು ಪಂದ್ಯ ಆಡುತ್ತಿದ್ದ. ಅವನಿಲ್ಲದೆ ತಂಡವೇ ಇರಲಿಲ್ಲ. ಕ್ಲಬ್ಬಿನ ಹೆಸರು ಇಲ್ಲಿ ಬೇಡ. ಅಲ್ಲಿಗೆ ಹೋದ ಮೊದಲ ವರ್ಷ ಅವನು ಆಡಿದ್ದು ಮೂರು ಪಂದ್ಯ, ಮೂರರಲ್ಲೂ ಕೊನೆಯ ಕೆಲವು ನಿಮಿಷ. ಉಳಿದ ದಿನಗಳೆಲ್ಲ ಬೆಳಗಿನ ಅಭ್ಯಾಸ, ಮಧ್ಯಾಹ್ನದ ನಿದ್ರೆ, ಸಂಜೆ ಬೇರೆಯವರ ಪಂದ್ಯಕ್ಕೆ ನೀರಿನ ಬಾಟಲಿ ಹೊರುವ ಕೆಲಸ. ಊರಿಗೆ ಬಂದಾಗ ಕೇಳಿದವರಿಗೆಲ್ಲ "ಚೆನ್ನಾಗಿದೆ" ಎನ್ನುತ್ತಿದ್ದ. ಇಲ್ಲದಿದ್ದರೆ ಏನೆಂದು ಹೇಳಿಯಾನು?

ಲೆಕ್ಕದ ಮೇಷ್ಟ್ರಲ್ಲದಿದ್ದರೂ ಒಂದು ಲೆಕ್ಕ ಹಾಕುತ್ತೇನೆ. 2024-25ರ ಐಎಸ್‌ಎಲ್‌ನಲ್ಲಿ 13 ತಂಡಗಳು. ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೆ 24 ಪಂದ್ಯ. ಒಂದು ಸ್ಥಾನಕ್ಕೆ ಒಟ್ಟು 2160 ನಿಮಿಷ. ಮೈದಾನದಲ್ಲಿ ಏಕಕಾಲಕ್ಕೆ ನಾಲ್ವರು ವಿದೇಶೀಯರು ಇರಬಹುದಾದ್ದರಿಂದ ಭಾರತೀಯರ ಪಾಲಿಗೆ ಉಳಿಯುವುದು ಏಳು ಸ್ಥಾನ. (2014ರಲ್ಲಿ ಈ ಲೀಗ್ ಶುರುವಾದಾಗ ಆರು ವಿದೇಶೀಯರಿಗೆ ಅವಕಾಶವಿತ್ತು, ಭಾರತೀಯರಿಗೆ ಐದೇ, 2017ರಲ್ಲಿ ವಿದೇಶೀಯರ ಸಂಖ್ಯೆ ಐದಕ್ಕೆ, 2021ರಲ್ಲಿ ನಾಲ್ಕಕ್ಕೆ ಇಳಿಯಿತು.) ಆ ಏಳರಲ್ಲಿ ಒಂದು ಸಾಮಾನ್ಯವಾಗಿ ಗೋಲ್‌ಕೀಪರನದು. ಉಳಿದ ಆರಕ್ಕೆ ತಂಡದಲ್ಲಿ ಹದಿನೆಂಟು ಇಪ್ಪತ್ತು ಮಂದಿ ಭಾರತೀಯರು ಸಾಲು ನಿಂತಿರುತ್ತಾರೆ. ಅವರಲ್ಲಿ ಹಲವರು ದೇಶಕ್ಕೆ ಆಡಿದವರು. ಹದಿನೆಂಟರ ಹುಡುಗ ಹನ್ನೆರಡು ಪಂದ್ಯಗಳಲ್ಲಿ ಬದಲಿಯಾಗಿ ತಲಾ ಹತ್ತು ನಿಮಿಷ ಆಡಿದನೆನ್ನಿ, ಅವನ ವರ್ಷದ ಗಳಿಕೆ 120 ನಿಮಿಷ. ಅಷ್ಟನ್ನು ನಮ್ಮೂರ ಹುಡುಗರು ಒಂದು ಭಾನುವಾರ ಮಧ್ಯಾಹ್ನ ಆಡಿ ಮುಗಿಸುತ್ತಾರೆ.

ಗೋಲ್‌ಕೀಪರನ ಪಾಡಂತೂ ಹೇಳತೀರದು. ಬದಲಿಯಾಗಿ ಇಳಿಯುವ ಭಾಗ್ಯವೂ ಇಲ್ಲ. ಮುಂದಿನವನ ಕೈ ಮುರಿಯಬೇಕು, ಇಲ್ಲವೆ ಕೆಂಪು ಚೀಟಿ ಬರಬೇಕು. ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ಈಸ್ಟ್ ಬೆಂಗಾಲ್ ಬಿಟ್ಟು ನಾರ್ವೆಯ ಸ್ಟಾಬೆಕ್ ಸೇರಿದರು. 2016ರಲ್ಲಿ ಯೂರೋಪಾ ಲೀಗಿನಲ್ಲಿ ಆಡಿದ ಮೊದಲ ಭಾರತೀಯರೆನಿಸಿದ್ದೂ ನಿಜ. ಆದರೆ ಮೂರು ವರ್ಷಗಳಲ್ಲಿ ಹಿರಿಯರ ತಂಡಕ್ಕೆ ಆಡಿದ ಪಂದ್ಯಗಳು ಬೆರಳೆಣಿಕೆಯವು. 2017ರಲ್ಲಿ ಬೆಂಗಳೂರಿಗೆ ಬಂದ ಮೇಲೆಯೇ ವಾರ ವಾರವೂ ಗೋಲುಕಂಬಗಳ ನಡುವೆ ನಿಲ್ಲುವಂತಾಯಿತು.

ಸುನಿಲ್ ಛೇತ್ರಿಯವರ ಕಥೆಯನ್ನೂ ಹುಡುಗರಿಗೆ ಅರ್ಧವೇ ಹೇಳುತ್ತೇವೆ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ವಿಜರ್ಡ್ಸ್ ಸೇರಿದರು. ಅಲ್ಲಿಯ ಲೀಗಿನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. 2012ರಲ್ಲಿ ಪೋರ್ತುಗಲ್ಲಿನ ಸ್ಪೋರ್ಟಿಂಗ್ ಸೇರಿದರು. ಮೊದಲ ತಂಡದ ಅಂಗಿ ಹಾಕಿ ಒಂದೂ ಪಂದ್ಯ ಆಡಲಿಲ್ಲ, ಬಿ ತಂಡದಲ್ಲಿ ಒಂದಿಷ್ಟು ಆಡಿದರು. ಆಗ ಅವರು ಭಾರತ ತಂಡದ ನಾಯಕ! ಮುಂದಿನ ವರ್ಷವೇ ಎರವಲಿನ ಮೇಲೆ ಗೋವೆಯ ಚರ್ಚಿಲ್ ಬ್ರದರ್ಸ್‌ಗೆ ಬಂದು ಐ-ಲೀಗ್ ಗೆದ್ದರು, ಅನಂತರ ಬೆಂಗಳೂರಿಗೆ ಬಂದರು. ಹೊರದೇಶದ ದೊಡ್ಡ ಹೆಸರನ್ನು ಬಿಟ್ಟು ಬಂದದ್ದನ್ನು ಸೋಲೆಂದು ಅವರು ಎಣಿಸಿದ್ದರೆ ಬೆಂಗಳೂರಿನ ಆ ಎಲ್ಲ ಗೆಲುವುಗಳು ಬೇರೆ ರೀತಿಯಲ್ಲಿ ಬರೆಯಲ್ಪಡುತ್ತಿದ್ದವು.

ಹಾಗೆಂದು ದೊಡ್ಡ ಕ್ಲಬ್ಬಿಗೆ ಹೋಗಲೇಬಾರದೆ? ಹೋಗಿ ಗೆದ್ದವನ ಉದಾಹರಣೆ ನಮ್ಮ ತಮಿಳುನಾಡಿನಲ್ಲೇ ಇದೆ. ಶಿವಗಂಗೈ ಜಿಲ್ಲೆಯ ಕಂಡನೂರಿನ ಶಿವಶಕ್ತಿ ನಾರಾಯಣನ್ 2020ರಲ್ಲಿ ಬೆಂಗಳೂರು ಎಫ್‌ಸಿ ಸೇರಿದಾಗ ಹತ್ತೊಂಬತ್ತು ವರ್ಷ. ಅವನನ್ನು ನೇರವಾಗಿ ಹಿರಿಯರ ಬೆಂಚಿನಲ್ಲಿ ಕೂರಿಸಿ ಮರೆಯಲಿಲ್ಲ. ಎರಡನೆಯ ತಂಡದ ಜೊತೆ ಬೆಂಗಳೂರಿನ ಸೂಪರ್ ಡಿವಿಜನ್ ಲೀಗಿನಲ್ಲಿ ಆಡಿಸಿದರು. ಅಲ್ಲಿ ಸೈನ್ಯದ ತಂಡಗಳ ಗಟ್ಟಿಮುಟ್ಟಾದ ಹಿಂಬದಿಯವರ ಮೊಣಕೈ ಏಟು ತಿಂದು ಗೋಲು ಹೊಡೆಯುವುದನ್ನು ಕಲಿತ. 2022ರ ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಮುಂಬೈ ಸಿಟಿಯ ವಿರುದ್ಧ ಮೊದಲ ಗೋಲು ಅವನದು. ಅದೇ ಋತುವಿನ ಐಎಸ್‌ಎಲ್‌ನಲ್ಲಿ 6 ಗೋಲು. ಆ ಋತುವಿನ ಉತ್ತರಾರ್ಧದಲ್ಲಿ ರಾಯ್ ಕೃಷ್ಣನ ಜೊತೆ ಶಿವಶಕ್ತಿ ಮೊದಲ ಹನ್ನೊಂದರಲ್ಲಿ, ಬೆಂಚಿನಲ್ಲಿ ಸ್ವತಃ ಛೇತ್ರಿ! 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಛೇತ್ರಿ ಹೊಡೆದ ಆ ಫ್ರೀ ಕಿಕ್ಕನ್ನು, ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆದದ್ದನ್ನು ಕಾಸರಗೋಡಿನವರಿಗೆ ನಾನು ನೆನಪಿಸಬೇಕಾಗಿಲ್ಲ. ಅಂದೂ ಅವರು ಬದಲಿಯಾಗಿ ಇಳಿದವರೇ. ಮುಂದಿನ ಋತುಗಳಲ್ಲಿ ಶಿವಶಕ್ತಿಯ ಗೋಲಿನ ವೇಗ ಹಾಗೆಯೇ ಉಳಿಯಲಿಲ್ಲವೆಂಬುದೂ ಸತ್ಯ. ಬೆಂಚು ಯಾರನ್ನೂ ಶಾಶ್ವತವಾಗಿ ಬಿಟ್ಟುಕೊಡುವುದಿಲ್ಲ.

ಎರಡನೆಯ ತಂಡಕ್ಕೆ ಆಡಲು ನಿಜವಾದ ಪಂದ್ಯಗಳಿದ್ದವು ಎಂಬುದೇ ಈ ಕಥೆಯ ಗುಟ್ಟು. ಎಲ್ಲ ಕ್ಲಬ್ಬುಗಳಿಗೂ ಆ ಅನುಕೂಲವಿಲ್ಲ. ಈ ಕೊರತೆ ನೀಗಿಸಲೆಂದೇ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಹುಡುಗರದೇ ಒಂದು ತಂಡ ಕಟ್ಟಿ ಐ-ಲೀಗಿನಲ್ಲಿ ಆಡಿಸಿತು. 2013ರಲ್ಲಿ ಅದನ್ನು ಮುಚ್ಚಿತು, 2017ರಲ್ಲಿ ಇಂಡಿಯನ್ ಆ್ಯರೋಸ್ ಎಂದು ಮತ್ತೆ ತೆರೆಯಿತು, 2022ರಲ್ಲಿ ಮತ್ತೆ ಮುಚ್ಚಿತು. ಸೋತರೂ ಗೆದ್ದರೂ ಆ ಹುಡುಗರು ವಾರಕ್ಕೊಂದು ಪೂರ್ತಿ ಪಂದ್ಯ ಆಡುತ್ತಿದ್ದರು. ಬೆಂಗಳೂರಿನ ಸಂಜೀವ್ ಸ್ಟಾಲಿನ್ ಆ ತಂಡದಲ್ಲಿ ಬೆಳೆದವ. 2017ರ ಅಕ್ಟೋಬರ್ 9ರಂದು ದಿಲ್ಲಿಯಲ್ಲಿ ಕೊಲಂಬಿಯಾ ವಿರುದ್ಧ ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದ ಗೋಲು ವಿಶ್ವಕಪ್ಪಿನಲ್ಲಿ ಭಾರತದ ಮೊತ್ತಮೊದಲ ಗೋಲು. ಆ ಮೂಲೆಹೊಡೆತ ಸ್ಟಾಲಿನ್‌ನದು. ಈಗ ಆ್ಯರೋಸ್ ಇಲ್ಲ. 2022ರಲ್ಲಿ ಕಿರಿಯರ ಡೆವಲಪ್‌ಮೆಂಟ್ ಲೀಗ್ ಬಂತು. ಗೋವೆಯಲ್ಲಿ ನಡೆದ ಮೊದಲ ಕೂಟವನ್ನು ಬೆಂಗಳೂರಿನ ಹುಡುಗರೇ ಗೆದ್ದರು, ಸಂತೋಷ. ಆದರೆ ಆ ವರ್ಷ ಅವರಿಗೆ ಅಲ್ಲಿ ಸಿಕ್ಕಿದ್ದು 7 ಪಂದ್ಯ. ವರ್ಷಕ್ಕೆ 365 ದಿನ.

ಕಾನೂನು ಹುಡುಗನ ಕಡೆಗಿದೆಯೇ ಎಂದು ಕೇಳುವವರಿದ್ದಾರೆ. ವರ್ಷವಿಡೀ ತಂಡದ ಅಧಿಕೃತ ಪಂದ್ಯಗಳಲ್ಲಿ ಶೇಕಡ ಹತ್ತಕ್ಕಿಂತ ಕಡಿಮೆ ಆಡಿದ ವೃತ್ತಿಪರ ಆಟಗಾರ ಆ ಕಾರಣಕ್ಕೇ ಒಪ್ಪಂದ ಮುರಿದು ಹೊರಬರಬಹುದೆಂದು ಫಿಫಾದ ನಿಯಮಾವಳಿಯಲ್ಲಿ ಒಂದು ಕಲಮು ಇದೆ. ಕೇಳಲು ಸೊಗಸು. ಆದರೆ ಅದು "ನೆಲೆಗೊಂಡ" ಆಟಗಾರನಿಗೆ, ಅಂದರೆ ತರಬೇತಿಯ ವಯಸ್ಸು ಮುಗಿಸಿದವನಿಗೆ. ಬೆಂಚಿನ ಮೇಲೆ ಹೆಚ್ಚು ಕೂರುವ ಹದಿನೇಳು ಹದಿನೆಂಟರವನಿಗೆ ಆ ಕೊಡೆಯ ನೆರಳಿಲ್ಲ. ಹದಿನೆಂಟು ತುಂಬದವನ ಒಪ್ಪಂದ ಮೂರು ವರ್ಷ ಮೀರುವಂತಿಲ್ಲ ಎಂಬುದೊಂದೇ ಅವನ ಪಾಲಿನ ರಕ್ಷಣೆ. ಆ ವಯಸ್ಸಿನಲ್ಲಿ ಮೂರು ವರ್ಷವೆಂದರೆ ಎಷ್ಟು ದೊಡ್ಡದೆಂದು ಹೈಸ್ಕೂಲಿನವರಿಗೆ ಗೊತ್ತು.

ಹಿಂದೆ ಬೆಂಗಳೂರಿನಲ್ಲಿ ದೊಡ್ಡ ತಂಡಗಳೆಂದರೆ ಎಚ್‌ಎಎಲ್, ಐಟಿಐ. ಅಲ್ಲಿ ಬೆಂಚಿನ ಮೇಲೆ ಕೂತವನಿಗೂ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತಿತ್ತು, ತಿಂಗಳ ಸಂಬಳ ಬರುತ್ತಿತ್ತು. ಕಾಲು ಸೋತ ಮೇಲೂ ಅನ್ನಕ್ಕೆ ದಾರಿ ಇತ್ತು. ಎಚ್‌ಎಎಲ್ 2011-12ರವರೆಗೂ ಐ-ಲೀಗಿನಲ್ಲಿತ್ತು. ನಿಮ್ಮ ಜಿಲ್ಲೆಯ ತ್ರಿಕ್ಕರಿಪುರದ ಮುಹಮ್ಮದ್ ರಾಫಿ ಕೂಡ ಎಸ್‌ಬಿಟಿಯ ಬ್ಯಾಂಕ್ ತಂಡದಿಂದ ಮೇಲೆ ಬಂದವರು. ಅಲ್ಲಿಂದ ಮಹೀಂದ್ರಾ ಯುನೈಟೆಡ್‌ಗೆ ಹೋಗಿ 2009-10ರ ಐ-ಲೀಗಿನಲ್ಲಿ 14 ಗೋಲು ಹೊಡೆದರು. ಆ ಋತು ಮುಗಿಯುತ್ತಲೇ ಆ ಕ್ಲಬ್ಬೇ ಮುಚ್ಚಿತು! ಅವರು ಬೇರೆ ಬೇರೆ ಅಂಗಿ ತೊಟ್ಟು, 2016ರ ಐಎಸ್‌ಎಲ್ ಅಂತಿಮ ಪಂದ್ಯದಲ್ಲಿ ಕೊಚ್ಚಿಯಲ್ಲಿ ಬ್ಲಾಸ್ಟರ್ಸ್ ಪರ ಗೋಲು ಹೊಡೆದರು. ಅವರಿಗೆ ಸಾಧ್ಯವಾದದ್ದು ಎಲ್ಲರಿಗೂ ಆಗದು. 2025ರಲ್ಲಂತೂ ಐಎಸ್‌ಎಲ್ಲೇ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ; ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದವರ ಸಂಬಳವನ್ನೇ ತಡೆಹಿಡಿಯಿತು. ತಾರೆಗಳ ಗತಿಯೇ ಹೀಗಾದರೆ ಕಿರಿಯರ ಕೊಠಡಿಯಲ್ಲಿ ಮಲಗುವವನ ಗತಿ?

ನಮ್ಮ ಮನೆಗಳವರು ಗಮನಿಸದ ಇನ್ನೊಂದು ಸಂಗತಿಯಿದೆ. ತಮಿಳುನಾಡಿನ ಸರಕಾರಿ ನೌಕರಿಗಳಲ್ಲಿ ಕ್ರೀಡಾಪಟುಗಳಿಗೆ ಶೇಕಡ 3ರ ಮೀಸಲಿದೆ. ಕೇಂದ್ರ ಸರಕಾರದ ನೌಕರಿಯಲ್ಲೂ ಕ್ರೀಡೆಯ ಆಧಾರದ ಮೇಲೆ ನೇಮಕವುಂಟು. ಅಲ್ಲಿ ಕೇಳುವುದು ರಾಜ್ಯವನ್ನು ಪ್ರತಿನಿಧಿಸಿದ ಪತ್ರ, ಅಂತರ ವಿಶ್ವವಿದ್ಯಾಲಯ ಕೂಟದ ಪತ್ರ, ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯದ ಶಾಲಾ ತಂಡಕ್ಕೆ ಆಡಿದ ಪತ್ರ. ದೊಡ್ಡ ಕ್ಲಬ್ಬಿನಲ್ಲಿ ಎರಡು ವರ್ಷ ಅಭ್ಯಾಸ ಮಾಡಿದ ಎಂಬ ಚೀಟಿಗೆ ಅಲ್ಲಿ ಬೆಲೆಯಿಲ್ಲ. ಕೃಷ್ಣಗಿರಿ ಜಿಲ್ಲೆಯ ಶಾಲೆಯಲ್ಲಿದ್ದು ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ ಆಡಿದ ಹುಡುಗನ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ. ಒಂಬತ್ತನೆಯ ತರಗತಿ ಮುಗಿಸಿ ಟಿ.ಸಿ. ಕಿತ್ತುಕೊಂಡು ಹೋದವನಿಗೆ ಪಠ್ಯಪುಸ್ತಕವೂ ಬೇರೆ, ಎಸ್ಸೆಸ್ಸೆಲ್ಸಿ ಮಂಡಳಿಯೂ ಬೇರೆ. ಮೇಷ್ಟ್ರಿಗೆ ಇದರಲ್ಲಿ ಸ್ವಾರ್ಥವೂ ಉಂಟೆನ್ನಿ. 2006ರ ತಮಿಳು ಕಲಿಕೆ ಕಾಯಿದೆಯಿಂದ ಈಚೆಗೆ ಇಲ್ಲಿಯ ಕನ್ನಡ ತರಗತಿಗಳಲ್ಲಿ ಒಂದೊಂದು ತಲೆಯೂ ನಮಗೆ ಲೆಕ್ಕ.

ಕಾಸರಗೋಡಿನಲ್ಲಿ ಸೆವೆನ್ಸ್ ಇದೆ. ಬೆಂಚಿನಲ್ಲಿ ಬೇಸತ್ತವನು ರಾತ್ರಿ ದೀಪದ ಬೆಳಕಿನಲ್ಲಿ ಏಳು ಮಂದಿಯ ಆಟ ಆಡಿ ಕೈಗೆ ನಾಲ್ಕು ಕಾಸು, ಕಾಲಿಗೆ ಒಂದಿಷ್ಟು ಚೆಂಡು ಕಂಡುಕೊಳ್ಳುತ್ತಾನೆ. ಫೆಡರೇಷನ್ನಿನವರಿಗೆ ಅದು ಹಿಡಿಸದು. ನಮ್ಮ ಕಡೆ ಅಂಥ ಪರಂಪರೆಯೂ ಇಲ್ಲ. ಮರಳಿ ಬಂದವನು ಸಿಪ್ಕಾಟ್ ಕಾರ್ಖಾನೆಗಳ ಗೇಟಿನ ಮುಂದೆ ಗುತ್ತಿಗೆದಾರನಿಗಾಗಿ ಕಾಯುತ್ತಾನೆ.

ಆದ್ದರಿಂದ ಆಯ್ಕೆಯ ಸುದ್ದಿ ಹಿಡಿದು ಬಂದ ಪಾಲಕರಿಗೆ ನಾನೀಗ ಹೇಳುವುದಿಷ್ಟು: ಅಂಗಿಯ ಬಣ್ಣ ಆಮೇಲೆ ನೋಡೋಣ, ಮೊದಲು ಕ್ಲಬ್ಬಿನವರನ್ನು ಕೇಳಿ. ಕಳೆದ ವರ್ಷ ಇದೇ ವಯಸ್ಸಿನ ಹುಡುಗರು ಎಷ್ಟು ಪಂದ್ಯ ಆಡಿದರು? ಎರಡನೆಯ ತಂಡ ಯಾವ ಲೀಗಿನಲ್ಲಿದೆ? ಮೊದಲ ತಂಡದಲ್ಲಿ ಜಾಗವಿಲ್ಲದಿದ್ದರೆ ಸಣ್ಣ ಕ್ಲಬ್ಬಿಗೆ ಎರವಲು ಕೊಡುತ್ತೀರಾ? ಶಾಲೆ ಯಾರ ಹೊಣೆ? ಕಾಲು ಮುರಿದರೆ ಆಸ್ಪತ್ರೆಯ ಬಿಲ್ಲು ಯಾರದು? ಉತ್ತರವನ್ನು ಬಾಯಲ್ಲಿ ಕೇಳಬೇಡಿ, ಕಾಗದದಲ್ಲಿ ಬರೆಸಿಕೊಳ್ಳಿ, ತಿಳಿಯುವ ಭಾಷೆಯಲ್ಲಿ ಓದಿಸಿಕೊಂಡು ಸಹಿ ಹಾಕಿ. ಒಮ್ಮೆ ಫೆಡರೇಷನ್ನಿನ ನೋಂದಣಿಯಲ್ಲಿ ಒಂದು ಕ್ಲಬ್ಬಿನ ಹೆಸರಿಗೆ ಸೇರಿದ ಹುಡುಗ ವರ್ಗಾವಣೆಯಿಲ್ಲದೆ ಇನ್ನೊಂದು ಕ್ಲಬ್ಬಿಗೆ ಆಡಲಾರ. ಬಿಟ್ಟು ಬರುವ ದಿನ ಬಿಡುಗಡೆ ಪತ್ರವನ್ನು ಕೈಯಲ್ಲಿ ಹಿಡಿದೇ ಅತ್ತಿಬೆಲೆಯ ಬಸ್ಸು ಹತ್ತಬೇಕು.